ಎದ್ದ ಮೇಲೆ ಎಲ್ಲಿಗೆ?

ವಾಕ್ಯಭಾಗ: ಮಾರ್ಕ 1:29–39



ಯೌವನಸ್ಥರು ನನ್ನ ಹತ್ತಿರ ಬಂದು ಎರಡು ಮಾತು ಹೇಳ್ತಾರೆ. ಒಂದು, "ಪಾಸ್ಟರ್, ಪ್ರಾರ್ಥನೆಗೆ ಟೈಮೇ ಸಿಗಲ್ಲ." ಇನ್ನೊಂದು, "ಆಫೀಸಲ್ಲಿ ಯೇಸುವಿನ ಬಗ್ಗೆ ಮಾತಾಡೋಕೆ ಧೈರ್ಯ ಬರಲ್ಲ." ಇವೆರಡೂ ಬೇರೆ ಬೇರೆ ಕಷ್ಟ ಅಂತ ನಾವು ಅಂದುಕೊಂಡಿದ್ದೇವೆ. ಈ ವಾಕ್ಯಭಾಗ ಓದುವಾಗ ಇವೆರಡಕ್ಕೂ ಬೇರು ಒಂದೇ ಅಂತ ನನಗೆ ಕಾಣುತ್ತದೆ.

ಆ ದಿನ ಯೇಸುವಿಗೆ ಎಷ್ಟು ಕೆಲಸ ಇತ್ತು ನೋಡಿ. ಅದು ಸಬ್ಬತ್ ದಿನ. ಕಪೆರ್ನೌಮಿನ ಸಭಾಮಂದಿರದಲ್ಲಿ ಬೋಧನೆ, ಅಲ್ಲೇ ಅಶುದ್ಧಾತ್ಮ ಹಿಡಿದವನಿಗೆ ಬಿಡುಗಡೆ. ಸೀಮೋನನ ಮನೆಗೆ ಬಂದರೆ ಅವನ ಅತ್ತೆಗೆ ಜ್ವರ. ಸೂರ್ಯ ಮುಳುಗಿ ಸಬ್ಬತ್ ಮುಗಿದದ್ದೇ ತಡ, ಜನ ರೋಗಿಗಳನ್ನು ಕರೆತಂದರು. ಊರಿಗೆ ಊರೇ ಬಾಗಿಲಲ್ಲಿ ನಿಂತಿತು.

ಮರುದಿನ ನಾವಾಗಿದ್ದರೆ ಅಲಾರಂ ಆಫ್ ಮಾಡಿ ಮಲಗ್ತಿದ್ವಿ. ಆದರೆ ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು, ಜನರಿಲ್ಲದ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದನು.

"ಪಿಜಿಯಲ್ಲಿ ಒಂದೇ ರೂಮಿಗೆ ಮೂರು ಜನ, ಬಾಗಿಲು ಮುಚ್ಚಿ ಪ್ರಾರ್ಥಿಸೋದು ಎಲ್ಲಿ?" ಅಂತ ನೀವು ಕೇಳಬಹುದು. ಯೇಸು ಇದ್ದದ್ದೂ ಬೇರೆಯವರ ಮನೆಯಲ್ಲೇ. ಅದಕ್ಕೇ ಆತನು ಹೊರಗೆ ಹೋದನು. ನಿಮಗೆ ಟೆರೇಸ್ ಇರಬಹುದು, ಪಾರ್ಕಿನ ಬೆಂಚು ಇರಬಹುದು. ನೈಟ್ ಶಿಫ್ಟ್ ಮಾಡೋರು ಮುಂಜಾನೆಯೇ ಆಗಬೇಕು ಅಂತ ಕುಗ್ಗಬೇಡಿ. ಇದೇ ಯೇಸು ಬೆಟ್ಟದ ಮೇಲೆ ರಾತ್ರಿಯೆಲ್ಲಾ ಪ್ರಾರ್ಥಿಸಿದ್ದನ್ನು ಲೂಕ 6:12ರಲ್ಲಿ ಓದುತ್ತೇವೆ. ಹದಿನೈದು ನಿಮಿಷ ಆದರೂ ಸರಿ, ಫೋನ್ ದೂರ ಇಟ್ಟು ಅದನ್ನು ಕರ್ತನಿಗೇ ಕೊಡಿ.

ಈಗ ಮುಂದಿನ ಭಾಗ ಗಮನಿಸಿ. ಸೀಮೋನ ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನೇ ಕೇಳ್ತಿದ್ದಾರೆ ಅಂದನು. ಸೇವೆ ಚೆನ್ನಾಗಿ ನಡೀತಿದೆ, ಜನ ಸೇರಿದ್ದಾರೆ, ಅಲ್ಲೇ ಇರಬಹುದಿತ್ತು. ಆದರೆ ಯೇಸು ಪಕ್ಕದ ಊರುಗಳಿಗೆ ಹೋಗೋಣ, ಅಲ್ಲಿಯೂ ಸಾರಬೇಕು, ನಾನು ಬಂದದ್ದೇ ಅದಕ್ಕೆ ಅಂದನು. ಆತನು ಏನೆಂದು ಪ್ರಾರ್ಥಿಸಿದನೋ ಮಾರ್ಕನು ಬರೆದಿಲ್ಲ. ಆದರೆ ಪ್ರಾರ್ಥನೆಯಿಂದ ಎದ್ದಾಗ ಎಲ್ಲಿಗೆ ಹೋಗಬೇಕೆಂಬುದು ಆತನಿಗೆ ಸ್ಪಷ್ಟವಾಗಿತ್ತು. ಗುಪ್ತವಾದ ಪ್ರಾರ್ಥನೆ ನಮ್ಮನ್ನು ಯಾರೋ ಒಬ್ಬರ ಬಳಿಗೆ ಕಳುಹಿಸುತ್ತದೆ.

ಪೌಲನನ್ನು ನೋಡಿ. ಸೆರೆಮನೆಯಲ್ಲಿದ್ದಾನೆ. ಕೊಲೊಸ್ಸೆ 4:3ರಲ್ಲಿ ಅವನು ಕೇಳಿದ್ದು ಸೆರೆಮನೆಯ ಬಾಗಿಲು ತೆರೆಯಲಿ ಅಂತ ಅಲ್ಲ, ವಾಕ್ಯಕ್ಕೆ ಬಾಗಿಲು ತೆರೆಯಲಿ ಅಂತ! ಆಮೇಲೆ, ಮಾತು ಕೃಪೆಯುಳ್ಳದ್ದಾಗಿ, ಉಪ್ಪು ಹಾಕಿದಂತೆ ರುಚಿಯಾಗಿರಲಿ ಅನ್ನುತ್ತಾನೆ.

ಆದ್ದರಿಂದ ಈ ವಾರ ಮೂರು ಹೆಸರು ಬರೆಯಿರಿ. ದಿನಾ ಆ ಹೆಸರುಗಳನ್ನು ಹಿಡಿದು ಪ್ರಾರ್ಥಿಸಿ, ಬಾಗಿಲಿಗಾಗಿ ಕೇಳಿ. ಒಂದು ದಿನ ಪಕ್ಕದ ಸೀಟಿನವರು "ಅಮ್ಮನಿಗೆ ಆಪರೇಷನ್ ಇದೆ, ಭಯ ಆಗ್ತಿದೆ" ಅನ್ನಬಹುದು. ಮೊದಲು ಪೂರ್ತಿ ಕೇಳಿಸಿಕೊಳ್ಳಿ. "ನಾನು ಪ್ರಾರ್ಥನೆ ಮಾಡಲಾ?" ಅಂತ ಕೇಳಿ. ಬೇಡ ಅಂದರೆ ಒತ್ತಾಯ ಬೇಡ, ಸ್ನೇಹ ಬಿಡಬೇಡಿ. ನಿಮ್ಮ ನಿರೀಕ್ಷೆಗೆ ಕಾರಣ ಕೇಳಿದರೆ, 1 ಪೇತ್ರ 3:15 ಹೇಳುವಂತೆ ಸಾತ್ವಿಕತ್ವದಿಂದ, ಗೌರವದಿಂದ ಉತ್ತರ ಕೊಡಿ. ವಾದ ಗೆಲ್ಲಬೇಕಾಗಿಲ್ಲ, ಯೇಸು ನಿಮಗೆ ಮಾಡಿದ್ದನ್ನು ನಿಮ್ಮ ಮಾತಲ್ಲೇ ಹೇಳಿ. ಅವರಿಗೆ ಗೊತ್ತಿರುವ ವಿಶ್ವಾಸಿ ನೀವೊಬ್ಬರೇ ಇರಬಹುದು.

ಪ್ರಾರ್ಥಿಸೋಣ. ಕರ್ತನೇ, ನಿನ್ನ ಜೊತೆ ಏಕಾಂತದಲ್ಲಿ ಕೂರುವ ಆಸೆ ಕೊಡು. ಎದ್ದ ಮೇಲೆ ಯಾರ ಬಳಿಗೆ ಹೋಗಬೇಕೋ ತೋರಿಸು. ಪವಿತ್ರಾತ್ಮನೇ, ನಮ್ಮ ಬಾಯಿಗೆ ಧೈರ್ಯವನ್ನೂ ಪ್ರೀತಿಯನ್ನೂ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.