ಗಡುವು ಅವರದು, ಅವಸರ ನಿಮ್ಮದಾಗದಿರಲಿ

ಪ್ರಶ್ನೆ: ನಾನು ನಿವೃತ್ತ ಕನ್ನಡ ಮೇಷ್ಟ್ರು. ತಾಲ್ಲೂಕಿನ ಊರುಗಳ ಹೆಸರು, ಅವುಗಳ ಹಿಂದಿನ ಕಥೆ, ವೀರಗಲ್ಲುಗಳ ವಿವರ ಎಲ್ಲವನ್ನೂ ವರ್ಷಗಟ್ಟಲೆ ಸುತ್ತಾಡಿ ಸಂಗ್ರಹಿಸಿ ‘ನುಡಿ’ಯಲ್ಲಿ ಟೈಪ್ ಮಾಡಿಟ್ಟಿದ್ದೆ. ಮೊನ್ನೆ ಬಿ.ಇ. ಓದುವ ಮಗ ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರಿನ ಕ್ರ್ಯಾಕ್ ಒಂದನ್ನು ಇಳಿಸಿಕೊಂಡ. ವಿಂಡೋಸ್ ಅಪ್‌ಡೇಟ್ ಆಗುತ್ತಿದೆ ಎಂದು ಪರದೆ ಮೇಲೆ ಬಂತಂತೆ, ಸುಮ್ಮನೆ ಕಾದಿದ್ದಾನೆ. ಆಮೇಲೆ ನೋಡಿದರೆ ಪ್ರತಿ ಕಡತದ ಹೆಸರಿಗೂ ನಾಲ್ಕಕ್ಷರದ ಬಾಲ. ಯಾವುದೂ ತೆರೆಯುವುದಿಲ್ಲ. ಮಗಳ ಮದುವೆ ಫೋಟೊ, ವಿಡಿಯೊಗಳ ಗತಿಯೂ ಅದೇ. ಎಲ್ಲ ಫೋಲ್ಡರಿನಲ್ಲೂ ‘ರೀಡ್‌ಮಿ’ ಎಂಬ ಚೀಟಿ: 980 ಡಾಲರ್ ಕೊಡಿ, 72 ಗಂಟೆಯೊಳಗಾದರೆ 490. ಒಂದು ಕಡತವನ್ನು ಪುಕ್ಕಟೆ ಬಿಡಿಸಿ ತೋರಿಸುತ್ತಾರಂತೆ. ಕಂಪ್ಯೂಟರ್ ಅಂಗಡಿಯವನು ‘ಫಾರ್ಮ್ಯಾಟ್ ಮಾಡಿಬಿಡೋಣ ಸಾರ್’ ಎನ್ನುತ್ತಾನೆ. ಇನ್ನೊಬ್ಬರು 60 ಸಾವಿರಕ್ಕೆ ಎಲ್ಲವನ್ನೂ ವಾಪಸ್ ತರಿಸುತ್ತಾರಂತೆ. ಸಿಟ್ಟಿನಲ್ಲಿ ಮಗನ ಮೇಲೆ ಕೈ ಮಾಡಿದೆ. ಅವನು ಮಾತು ಬಿಟ್ಟಿದ್ದಾನೆ. ದುಡ್ಡು ಕಟ್ಟಿಬಿಡಲೇ?
— ಹೆಸರು ಬೇಡ, ಶಿವಮೊಗ್ಗ ಜಿಲ್ಲೆ

ಉತ್ತರ: ಕಟ್ಟಬೇಡಿ ಮೇಷ್ಟ್ರೇ. 72 ಗಂಟೆ ಕಳೆದರೆ ಅವರ ಬೆಲೆ ಇಮ್ಮಡಿಯಾಗುತ್ತದೆ, ನಿಮ್ಮ ಕಡತಗಳು ಈಗಿರುವಂತೆಯೇ ಇರುತ್ತವೆ. ಯೋಚಿಸುವುದಕ್ಕೆ ನಿಮಗೆ ಪುರುಸೊತ್ತು ಸಿಗಬಾರದು ಎಂದೇ ಆ ಗಡುವು. ಒಂದು ಕಡತ ಬಿಡಿಸಿ ತೋರಿಸಿದರೂ ಅದರಿಂದ ತಿಳಿಯುವುದು ಕೀಲಿ ಅವರ ಬಳಿ ಇದೆ ಎಂಬುದಷ್ಟೇ. ಹಣ ಮುಟ್ಟಿದ ಮೇಲೆ ಕೊಟ್ಟವರೂ ಇದ್ದಾರೆ, ಇನ್ನಷ್ಟು ಕೇಳಿದವರೂ ಇದ್ದಾರೆ. ಬಿಟ್‌ಕಾಯಿನ್‌ನಲ್ಲಿ ಹೋದ ದುಡ್ಡನ್ನು ಯಾವ ಬ್ಯಾಂಕೂ ತಡೆದು ಕೊಡುವುದಿಲ್ಲ.

ನೀವು ಬರೆದ ಗುರುತುಗಳೆಲ್ಲ ‘ಸ್ಟಾಪ್’ ಅಥವಾ ‘ಡೀಜಾವೂ’ ಎಂದು ಕರೆಯುವ ರ‍್ಯಾನ್ಸಮ್‌ವೇರ್ ಕುಟುಂಬಕ್ಕೆ ಹೊಂದುತ್ತವೆ. ದೊಡ್ಡ ಕಂಪನಿಗಳ ಗೋಜಿಗೆ ಹೋಗದೆ ಮನೆ ಕಂಪ್ಯೂಟರುಗಳನ್ನೇ ಹುಡುಕಿಕೊಂಡು ಬರುವ ಪೀಡೆ ಇದು. ಬರುವ ದಾರಿ ಹೆಚ್ಚಾಗಿ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರೇ. ಮಗ ಕಂಡ ಅಪ್‌ಡೇಟ್ ಪರದೆ ನಕಲಿ. ಒಳಗೆ ಕಡತಗಳಿಗೆ ಬೀಗ ಬೀಳುವಾಗ ಯಾರೂ ಸ್ವಿಚ್ ಆರಿಸದಿರಲಿ ಎಂದು ಹೂಡಿದ ಆಟ.

ಈಗ, ನೀವು ಕೇಳದೇ ಇರುವ ವಿಷಯ. ಇವತ್ತೇ ಆಗಬೇಕಾದ ಕೆಲಸವೂ ಅದೇ. ಈ ಪೀಡೆ ಬರುವಾಗ ಆಜೋರಲ್ಟ್, ವಿಡಾರ್‌ನಂಥ ಪಾಸ್‌ವರ್ಡ್ ಕಳ್ಳರನ್ನೂ ಕರೆತಂದಿರುವುದುಂಟು. ಬ್ರೌಸರಿನಲ್ಲಿ ಉಳಿಸಿಟ್ಟ ಇಮೇಲ್, ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡುಗಳೆಲ್ಲ ಕೈದಾಟಿವೆ ಎಂದೇ ತಿಳಿಯಿರಿ. ಇಂಟರ್‌ನೆಟ್ ಸಂಪರ್ಕ ತೆಗೆಯಿರಿ, ಪೆನ್‌ಡ್ರೈವ್ ಕೀಳಿರಿ. ಮನೆಯ ಬೇರೊಂದು ಫೋನಿನಲ್ಲಿ ಕೂತು ಮೊದಲು ಇಮೇಲ್, ಆಮೇಲೆ ಬ್ಯಾಂಕು, ಆಮೇಲೆ ಉಳಿದ ಪಾಸ್‌ವರ್ಡುಗಳನ್ನು ಬದಲಿಸಿ. ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡುವ ಆಯ್ಕೆ ಇದ್ದಲ್ಲಿ ಅದನ್ನೂ ಒತ್ತಿ. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹೋಗಿರದಿದ್ದರೂ ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧ) ಠಾಣೆಯಲ್ಲೋ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲೋ ದೂರು ದಾಖಲಿಸಿ. ಪೊಲೀಸರು ಕಡತ ಬಿಡಿಸಿಕೊಡುತ್ತಾರೆಂದು ಇದನ್ನು ಹೇಳುತ್ತಿಲ್ಲ. ನಾಳೆ ನಿಮ್ಮ ಹೆಸರಿನ ಇಮೇಲಿನಿಂದ ಯಾರಿಗಾದರೂ ಮೋಸವಾದರೆ ನಿಮ್ಮ ಕೈಯಲ್ಲೊಂದು ದಾಖಲೆ ಇರಬೇಕು.

ಕಡತಗಳ ವಿಷಯದಲ್ಲಿ ಮಾತ್ರ ಯಾವ ಆತುರವೂ ಬೇಡ. ಅಂಗಡಿಯವನು ಹೇಳುವ ಫಾರ್ಮ್ಯಾಟ್ ಬೇಕಾದದ್ದೇ, ಆದರೆ ಅದು ಕೊನೆಯ ಕೆಲಸ. ಮೊದಲು ಆ ಚೀಟಿಯ ಫೋಟೊ ತೆಗೆದುಕೊಳ್ಳಿ. ಬೀಗ ಬಿದ್ದ ಕಡತಗಳನ್ನೂ ಚೀಟಿಯನ್ನೂ ಹೊಸದೊಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ನಕಲು ಮಾಡಿಸಿ ಎತ್ತಿಡಿ. ಚೀಟಿಯ ಕೆಳಗೆ ‘ಪರ್ಸನಲ್ ಐಡಿ’ ಎಂದು ಉದ್ದದ ಅಕ್ಷರಮಾಲೆ ಇರುತ್ತದೆ. ಅದರ ಕೊನೆಯಲ್ಲಿ ಇಂಗ್ಲಿಷಿನ ಸಣ್ಣ ‘ಟಿ’, ಪಕ್ಕದಲ್ಲಿ 1 ಇದ್ದರೆ ಸ್ವಲ್ಪ ಆಸೆ ಇಟ್ಟುಕೊಳ್ಳಬಹುದು. ಬೀಗ ಹಾಕುವ ಹೊತ್ತಿನಲ್ಲಿ ತನ್ನ ಸರ್ವರ್ ಸಿಗದೆ ಅದು ತನ್ನೊಳಗೇ ಇದ್ದ ಆಫ್‌ಲೈನ್ ಕೀಲಿಯನ್ನು ಬಳಸಿದೆ ಎಂದರ್ಥ. ಆ ಕೀಲಿ ಅನೇಕರಿಗೆ ಒಂದೇ ಆಗಿರುವುದರಿಂದ ಯಾರಿಗೋ ಸಿಕ್ಕಿದ್ದು ನಿಮಗೂ ಆದೀತು. ಎಮ್ಸಿಸಾಫ್ಟ್ ಸಂಸ್ಥೆ 2019ರ ಅಕ್ಟೋಬರಿನಲ್ಲಿ ಇದಕ್ಕೊಂದು ಉಚಿತ ಡೀಕ್ರಿಪ್ಟರ್ ಹೊರತಂದಿತು. ಡಚ್ ಪೊಲೀಸರು, ಯೂರೋಪೋಲ್ ಮತ್ತಿತರರು 2016ರಲ್ಲಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ತಾಣದ ಮೂಲಕವೇ ಅದನ್ನು ಹುಡುಕಿ. ಕಂಡಕಂಡಲ್ಲಿ ಸಿಗುವ ಡೀಕ್ರಿಪ್ಟರನ್ನು ಮುಟ್ಟಬೇಡಿ: 2020ರಲ್ಲಿ ಇದೇ ಪೀಡೆಗೆ ಮದ್ದೆಂದು ಹೇಳಿಕೊಂಡು ಬಂದ ‘ಜೋರಾಬ್’ ಬೀಗ ಬಿದ್ದ ಕಡತಗಳಿಗೆ ಮೇಲಿಂದ ಇನ್ನೊಂದು ಬೀಗ ಜಡಿಯಿತು.

ಐಡಿ ಬೇರೆ ರೀತಿ ಕೊನೆಗೊಂಡಿದ್ದರೆ ಕೀಲಿ ನಿಮ್ಮ ಕಂಪ್ಯೂಟರಿಗಷ್ಟೇ ಸೀಮಿತ. ಊಹಿಸಿ ತೆರೆಯಲು ಯಾರಿಂದಲೂ ಆಗದು. ಆಗಲೂ ಮದುವೆ ವಿಡಿಯೊ ಕೈಬಿಡಬೇಡಿ. ಬೇಗ ಕೆಲಸ ಮುಗಿಸುವ ಹಪಾಹಪಿಯಲ್ಲಿ ಈ ಪೀಡೆ ಪ್ರತಿ ಕಡತದ ಮೊದಲ ಸುಮಾರು 150 ಕೆಬಿಯನ್ನಷ್ಟೇ ಕೆಡಿಸುತ್ತದೆ. ನೂರಾರು ಎಂಬಿ ಇರುವ ವಿಡಿಯೊದಲ್ಲಿ ಅದು ಯಾವ ಲೆಕ್ಕ? ಅದೇ ಕ್ಯಾಮೆರಾದಲ್ಲಿ ತೆಗೆದ, ಕೆಡದ ಇನ್ನೊಂದು ವಿಡಿಯೊ ಇದ್ದರೆ ಅದನ್ನು ಮಾದರಿಯಾಗಿಟ್ಟು ರಿಪೇರಿ ಮಾಡುವ ಉಚಿತ ಸಾಧನಗಳಿವೆ. ಜಿಪ್ ಕಡತಗಳ ಒಳಗೂ ಮೊದಲಿನದೊಂದನ್ನು ಬಿಟ್ಟು ಉಳಿದವು ಸಾಮಾನ್ಯವಾಗಿ ಬಿಚ್ಚಿಕೊಳ್ಳುತ್ತವೆ. ಫೋಟೊಗಳಲ್ಲಿ ಕೆಲವು ಅರೆಬರೆ ಬರಬಹುದು.

ನಿಮ್ಮ ಬರಹದ ಕಡತಗಳು ಚಿಕ್ಕವು. ಅವು ಪೂರ್ತಿ ಕೆಟ್ಟಿರುವ ಸಂಭವವೇ ಹೆಚ್ಚು. ಅದಕ್ಕೆ ಬೇರೆ ಕಡೆ ಕೈಯಾಡಿಸಿ. ಪತ್ರಿಕೆಗಳಿಗೆ ಕಳಿಸಿದ ಲೇಖನ ಇಮೇಲಿನ ಸೆಂಟ್ ಪೆಟ್ಟಿಗೆಯಲ್ಲಿರುತ್ತದೆ. ಪ್ರಿಂಟ್ ಹಾಕಿಸಿದ ಡಿಟಿಪಿ ಅಂಗಡಿಯವರು ಹಳೇ ಕಡತ ಅಳಿಸುವವರಲ್ಲ, ಹೋಗಿ ಕೇಳಿ. ಕರಡು ಓದಿ ತಿದ್ದಿಕೊಟ್ಟ ಗೆಳೆಯರ ಬಳಿ ಪ್ರಿಂಟ್ ಇದ್ದರೆ ಸ್ಕ್ಯಾನ್ ಮಾಡಿ ಗೂಗಲ್ ಡ್ರೈವ್‌ಗೆ ಕೊಡಿ, ಅಚ್ಚಾದ ಕನ್ನಡವನ್ನು ಅದು ಓದಿ ಅಕ್ಷರ ಮಾಡಿಕೊಡುತ್ತದೆ. ಒತ್ತಕ್ಷರಗಳಲ್ಲಿ ಎಡವುತ್ತದೆ, ಮೇಷ್ಟ್ರಿಗೆ ತಪ್ಪು ತಿದ್ದುವುದು ಹೊಸತಲ್ಲವಲ್ಲ. ಬೀಗ ಬಿದ್ದ ಪ್ರತಿಗಳನ್ನೂ ಎಸೆಯಬೇಡಿ. ‘ಶೇಡ್’ ಎಂಬ ಇನ್ನೊಂದು ರ‍್ಯಾನ್ಸಮ್‌ವೇರಿನವರು 2020ರ ಏಪ್ರಿಲಿನಲ್ಲಿ ಅಂಗಡಿ ಮುಚ್ಚಿದ್ದಾಗಿ ಹೇಳಿ ಏಳೂವರೆ ಲಕ್ಷ ಕೀಲಿಗಳನ್ನು ತಾವೇ ಹೊರಗೆ ಹಾಕಿದರು. ನಿಮ್ಮ ವಿಷಯದಲ್ಲೂ ಹಾಗೇ ಆದೀತೆಂದು ಭರವಸೆ ಕೊಡಲಾರೆ.

60 ಸಾವಿರದವರ ಬಗ್ಗೆ ನನಗೆ ಗುಮಾನಿ. ಅವರಿಗೆ ಕೀಲಿ ಸಿಗುವುದಾದರೂ ಎಲ್ಲಿಂದ? ತಮ್ಮದೇ ವಿದ್ಯೆಯಿಂದ ಕಡತ ಬಿಡಿಸುವುದಾಗಿ ಹೇಳಿ, ಗುಟ್ಟಾಗಿ ಅಪಹರಣಕಾರರಿಗೇ ಹಣ ಕಟ್ಟಿ ಲಾಭ ಇಟ್ಟುಕೊಳ್ಳುತ್ತಿದ್ದ ಸಂಸ್ಥೆಗಳನ್ನು ಅಮೆರಿಕದ ಸುದ್ದಿಸಂಸ್ಥೆ ಪ್ರೊಪಬ್ಲಿಕಾ 2019ರಲ್ಲೇ ಬಯಲಿಗೆಳೆದಿತ್ತು.

ಮಗನ ಮಾತು. ಯಾವ ಕಡತ, ಯಾವ ತಾಣ, ಎಷ್ಟು ಹೊತ್ತಿಗೆ, ಆಗ ನೆಟ್ ಇತ್ತೇ, ಆಂಟಿವೈರಸ್ ಆರಿಸಿದ್ದನೇ — ಮೇಲೆ ಹೇಳಿದ ಅರ್ಧ ಕೆಲಸಕ್ಕೆ ಬೇಕಾದ ಉತ್ತರಗಳು ಅವನೊಬ್ಬನಲ್ಲಿವೆ. ಹೊಡೆಸಿಕೊಂಡ ಹುಡುಗ ಅವನ್ನು ಹೇಳುವುದಿಲ್ಲ. ಅವನು ಮಾಡಿದ್ದು ತಪ್ಪೇ, ಆದರೆ ಇನ್ನೊಂದು ಪ್ರಶ್ನೆಯೂ ಇದೆ: ಕಂಪ್ಯೂಟರ್ ಕೊಂಡ ದಿನ ಅಂಗಡಿಯವನು ಹಾಕಿಕೊಟ್ಟ ವಿಂಡೋಸ್, ಆಫೀಸ್‌ಗಳಿಗೆ ಬಿಲ್ ಇತ್ತೇ? ನಮ್ಮ ಬಹುಪಾಲು ಮನೆಗಳಲ್ಲಿ ಇರುವುದಿಲ್ಲ. ಹುಡುಗರು ಕ್ರ್ಯಾಕ್ ಕಲಿಯುವುದು ಮನೆಯಲ್ಲೇ. ಕೈ ಮಾಡಿದ್ದು ತಪ್ಪಾಯಿತು ಎಂದು ನೀವೇ ಮೊದಲು ಹೇಳಿ, ಪಾಸ್‌ವರ್ಡ್ ಬದಲಿಸುವ ಕೆಲಸಕ್ಕೆ ಅವನನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಬ್ಯಾಕಪ್‌ಗೆಂದು ಇನ್ನೊಂದು ಹಾರ್ಡ್ ಡಿಸ್ಕ್ ಕೊಳ್ಳಿ. ವಾರಕ್ಕೊಮ್ಮೆ ನಕಲು ಮಾಡಿ, ಮುಗಿದ ಕೂಡಲೇ ಕಳಚಿ ಬೀರುವಿಗೆ ಹಾಕಿ. ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಟ್ಟರೆ ಮುಂದಿನ ಸಲ ಅದಕ್ಕೂ ಬೀಗ ಬೀಳುತ್ತದೆ. ಚೀಟಿಯ ಐಡಿ ಹೇಗೆ ಕೊನೆಗೊಂಡಿದೆ ಎಂದು ನನಗೆ ಬರೆದು ತಿಳಿಸಿ. ಮುಂದಿನ ಹೆಜ್ಜೆ ಅದರ ಮೇಲಿದೆ.