ಹೊರುವ ಹೆಗಲಿಗೆ ಆಸರೆ

ತಂದೆತಾಯಿಗಳ ಸೇವೆಯ ಮಾತು ಬಂದಾಗಲೆಲ್ಲ ನಮ್ಮ ನಾಡಿನ ಜನ ಶ್ರವಣಕುಮಾರನನ್ನು ನೆನೆಯುತ್ತಾರೆ. ಕಣ್ಣು ಕಾಣದ ವೃದ್ಧ ಮಾತಾಪಿತೃಗಳನ್ನು ಕಾವಡಿಯ ಬುಟ್ಟಿಗಳಲ್ಲಿ ಕುಳ್ಳಿರಿಸಿ, ಹೆಗಲ ಮೇಲೆ ಹೊತ್ತು ತೀರ್ಥಯಾತ್ರೆ ಮಾಡಿಸಿದ ಆ ಮಗನ ಭಕ್ತಿಯನ್ನು ಹೊಗಳದವರಿಲ್ಲ. ಆದರೆ ಆ ಕಥೆಯ ಕೊನೆಯ ಭಾಗವನ್ನೂ ಮನನ ಮಾಡಬೇಕು. ನೀರು ತರಲು ಹೋದ ಶ್ರವಣನು ದಶರಥನ ಬಾಣಕ್ಕೆ ತುತ್ತಾದಾಗ, ಅವನೊಬ್ಬನನ್ನೇ ನಂಬಿದ್ದ ವೃದ್ಧರಿಬ್ಬರೂ ಪುತ್ರಶೋಕದಲ್ಲಿ ಪ್ರಾಣಬಿಟ್ಟರು. ಮೂವರ ಬದುಕು ಒಂದೇ ಹೆಗಲನ್ನು ಆಶ್ರಯಿಸಿತ್ತು. ಆ ಹೆಗಲು ಕುಸಿದೊಡನೆ ಎಲ್ಲವೂ ಕುಸಿಯಿತು.

ಇಂದಿಗೂ ಅಸಂಖ್ಯಾತ ಮನೆಗಳಲ್ಲಿ ಇಂಥ ಕಾವಡಿಯನ್ನು ಹೊತ್ತವರಿದ್ದಾರೆ. ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ಮಾವನನ್ನು ನೋಡಿಕೊಳ್ಳುವ ಸೊಸೆ, ಮರೆವಿನ ರೋಗಕ್ಕೆ ತುತ್ತಾದ ತಾಯಿಯನ್ನು ಸಂಬಾಳಿಸುವ ಮಗ, ಬುದ್ಧಿ ಬೆಳೆಯದ ಮಗುವನ್ನು ಮೂವತ್ತು ನಲವತ್ತು ವರ್ಷ ಸಲಹುವ ತಂದೆತಾಯಿಗಳು ಇವರೆಲ್ಲ ಆ ಸಾಲಿಗೆ ಸೇರಿದವರು. ಹಿಂದೆ ಅವಿಭಕ್ತ ಕುಟುಂಬಗಳಿದ್ದಾಗ ಈ ಭಾರವನ್ನು ಹಲವು ಕೈಗಳು ಹಂಚಿಕೊಳ್ಳಲು ಅವಕಾಶವಿತ್ತು. ಇಂದು ಕುಟುಂಬಗಳು ಚಿಕ್ಕವಾಗಿವೆ, ಆಯುಸ್ಸು ಹೆಚ್ಚಿದೆ. ಭಾರವು ಬಹುಮಟ್ಟಿಗೆ ಹೆಣ್ಣುಮಕ್ಕಳ ಮೇಲೆಯೇ ಬೀಳುತ್ತದೆ. ಭಾರತ ಸರ್ಕಾರವು 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯು ಮಕ್ಕಳ ಲಾಲನೆಯನ್ನೂ ಸೇರಿಸಿ ಮನೆಯವರ ಆರೈಕೆಗೆ ತಗಲುವ ಕಾಲವನ್ನು ಲೆಕ್ಕಹಾಕಿತು. ಈ ಕೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 134 ನಿಮಿಷಗಳನ್ನೂ ಗಂಡಸರು 76 ನಿಮಿಷಗಳನ್ನೂ ವ್ಯಯಿಸುತ್ತಿದ್ದರೆಂದು ಅದರಿಂದ ತಿಳಿದುಬಂದಿತು.

ರೋಗಿಯ ಶುಶ್ರೂಷೆ ಸುಲಭವಾದ ಕೆಲಸವಲ್ಲ. ಹಾಸಿಗೆ ಹಿಡಿದವರ ಮೈಯಲ್ಲಿ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಊಟ, ಔಷಧ, ಶೌಚ, ಸ್ನಾನ ಎಲ್ಲಕ್ಕೂ ಹೊತ್ತುಹೊತ್ತಿಗೆ ಕೈ ನೀಡಬೇಕು. ರಾತ್ರಿ ನಿದ್ದೆಯಿಲ್ಲ, ಹಗಲು ವಿರಾಮವಿಲ್ಲ. ಮದುವೆ ಮುಂಜಿಗಳಿಗೆ ಹೋಗುವಂತಿಲ್ಲ. ಕೆಲವರು ಉದ್ಯೋಗ ಬಿಡುತ್ತಾರೆ. ಕೆಲವು ಮನೆಗಳಲ್ಲಿ ಓದುವ ಹುಡುಗಿಯೇ ಶಾಲೆ ಬಿಟ್ಟು ಅಜ್ಜಿಯ ಹಾಸಿಗೆಯ ಬಳಿ ಕುಳಿತುಕೊಳ್ಳುತ್ತಾಳೆ. ಕ್ರಮೇಣ ಸೊಂಟನೋವು, ನಿದ್ರಾಹೀನತೆ, ಖಿನ್ನತೆಗಳು ಶುಶ್ರೂಷೆ ಮಾಡುವವರನ್ನೇ ಕಾಡತೊಡಗುತ್ತವೆ. ಒಮ್ಮೊಮ್ಮೆ ರೋಗಿಯ ಮೇಲೆ ಸಿಡುಕುವುದೂ, ಆಮೇಲೆ ತಮ್ಮನ್ನು ತಾವೇ ಹಳಿದುಕೊಂಡು ಮರುಗುವುದೂ ಉಂಟು. ಆದರೂ ಅವರು ನೆರವು ಕೇಳಲು ಹಿಂಜರಿಯುತ್ತಾರೆ. ಕೇಳಿದರೆ ಕರ್ತವ್ಯಕ್ಕೆ ಬೆನ್ನು ತಿರುಗಿಸಿದಂತಾಗುವುದೆಂಬ ಭಾವನೆಯೂ, ನೆಂಟರಿಷ್ಟರು ಏನೆಂದಾರೋ ಎಂಬ ಅಂಜಿಕೆಯೂ ಅವರ ಬಾಯಿಯನ್ನು ಕಟ್ಟುತ್ತವೆ. ಇದು ತಪ್ಪು ತಿಳಿವಳಿಕೆ. ಶುಶ್ರೂಷೆ ಮಾಡುವವರು ಸ್ವಸ್ಥರಾಗಿದ್ದರೆ ಮಾತ್ರ ರೋಗಿಗೆ ಒಳ್ಳೆಯ ಶುಶ್ರೂಷೆ ದೊರೆಯುತ್ತದೆ.

ಈ ಸತ್ಯವನ್ನು ಬಹಳ ಹಿಂದೆಯೇ ಕಂಡುಕೊಂಡವರಲ್ಲಿ ಡಾ. ವಿದ್ಯಾಸಾಗರ್ ಪ್ರಮುಖರು. 1950ರ ದಶಕದಲ್ಲಿ ಅವರು ಪಂಜಾಬಿನ ಅಮೃತಸರದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದರು. ರೋಗಿಗಳನ್ನು ಮನೆಯವರಿಂದ ಬೇರ್ಪಡಿಸಿ ಗೋಡೆಗಳೊಳಗೆ ಇರಿಸುವುದು ಆ ಕಾಲದ ರೂಢಿ. ವಿದ್ಯಾಸಾಗರರು ಆಸ್ಪತ್ರೆಯ ಬಯಲಿನಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಯೊಡನೆ ಬಂಧುಗಳೂ ತಂಗುವಂತೆ ಮಾಡಿದರು. ರೋಗದ ಸ್ವರೂಪವನ್ನು ಅವರಿಗೆ ತಿಳಿಯಹೇಳಿದರು. ಒಂದು ಕುಟುಂಬದ ಕಷ್ಟವನ್ನು ಮತ್ತೊಂದು ಕುಟುಂಬ ಕೇಳಿ, ಧೈರ್ಯ ಪಡೆಯಿತು. ಗುಣಮುಖರಾದವರು ಮನೆಗೆ ಮರಳುವುದು ಇದರಿಂದ ಸುಲಭವಾಯಿತು. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ಮಾನಸಿಕ ಆರೋಗ್ಯ ಕೇಂದ್ರವೂ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಕುಟುಂಬವನ್ನು ಚಿಕಿತ್ಸೆಯಲ್ಲಿ ಜೊತೆಗೂಡಿಸಿಕೊಳ್ಳುವ ಇದೇ ಹಾದಿಯಲ್ಲಿ ನಡೆದವು.

ಆಸ್ಪತ್ರೆಗೆ ಬರಲಾಗದವರ ಮನೆಬಾಗಿಲಿಗೆ ನೆರವನ್ನು ಕೊಂಡೊಯ್ದ ಕೀರ್ತಿ ನೆರೆಯ ಕೇರಳಕ್ಕೆ ಸಲ್ಲುತ್ತದೆ. 1993ರಲ್ಲಿ ಕೋಳಿಕ್ಕೋಡಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ನೋವು ಮತ್ತು ಉಪಶಮನ ಆರೈಕೆಯ ಸಂಘವನ್ನು ಸ್ಥಾಪಿಸಿದರು. ಮುಂದೆ ಮಲಪ್ಪುರಂ ಮೊದಲಾದ ಜಿಲ್ಲೆಗಳಲ್ಲಿ ಊರಿನ ಸಾಮಾನ್ಯ ಜನರೇ ತರಬೇತಿ ಪಡೆದು, ದಾದಿಯರ ಜೊತೆ ಮನೆಮನೆಗೆ ಹೋಗತೊಡಗಿದರು. ಹುಣ್ಣನ್ನು ತೊಳೆಯುವ ಬಗೆ, ರೋಗಿಯನ್ನು ಎತ್ತಿ ಕೂರಿಸುವ ಕ್ರಮ ಇವನ್ನು ಅವರು ಮನೆಯವರಿಗೆ ಕಲಿಸಿದರು. 2008ರಲ್ಲಿ ಕೇರಳ ಸರ್ಕಾರವು ಇದನ್ನು ತನ್ನ ನೀತಿಯಾಗಿ ಅಂಗೀಕರಿಸಿತು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗಾಗಿ ‘ಆಶ್ವಾಸಕಿರಣಂ’ ಎಂಬ ಯೋಜನೆಯಲ್ಲಿ ತಿಂಗಳಿಗೆ 600 ರೂಪಾಯಿಗಳ ನೆರವನ್ನೂ ಗೊತ್ತುಪಡಿಸಿತು. ಮೊತ್ತ ಅಲ್ಪವಾದರೂ, ಮನೆಯೊಳಗಿನ ಆರೈಕೆಯೂ ಒಂದು ದುಡಿಮೆ ಎಂಬುದಕ್ಕೆ ಅದು ಮನ್ನಣೆಯಾಗಿದೆ. ನಮ್ಮ ಬೆಂಗಳೂರಿನಲ್ಲಿ 1994ರಲ್ಲಿ ರೂಪುಗೊಂಡ ನ್ಯಾಸವೊಂದು ನಡೆಸುತ್ತಿರುವ ‘ಕರುಣಾಶ್ರಯ’ವು ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳಿಗೆ ಉಚಿತವಾಗಿ ಆಶ್ರಯ ನೀಡುತ್ತದೆ, ಮನೆಗೂ ಹೋಗಿ ಶುಶ್ರೂಷೆ ಮಾಡುತ್ತದೆ.

ಕಾನೂನು ಈ ಜನರನ್ನು ನಿಧಾನವಾಗಿ ಗುರುತಿಸತೊಡಗಿದೆ. ವೃದ್ಧ ತಂದೆತಾಯಿಗಳನ್ನು ಪೋಷಿಸುವುದು ಮಕ್ಕಳ ಹೊಣೆಯೆಂದು 2007ರ ಅಧಿನಿಯಮವು ವಿಧಿಸಿತು. ಹೊಣೆ ಹೊತ್ತವರಿಗೂ ಆಸರೆ ಬೇಕೆಂಬುದು ಬಳಿಕ ಬಂದ ಅರಿವು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಸಂಬಳವಿಲ್ಲದೆ ಆರೈಕೆ ಮಾಡುವ ತಂದೆತಾಯಿಗಳನ್ನೂ ಬಂಧುಗಳನ್ನೂ ‘ಆರೈಕೆದಾರರು’ ಎಂದು ಕರೆಯಿತು. ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯನ್ನು ಸರ್ಕಾರಗಳು ತಮ್ಮ ಆರ್ಥಿಕ ಶಕ್ತಿಗೆ ಅನುಗುಣವಾಗಿ ನೀಡಬೇಕೆಂದೂ ಹೇಳಿತು. ಕಾಗದದ ಮೇಲಿನ ಈ ಮಾತು ಪ್ರತಿ ಮನೆಗೂ ತಲುಪಬೇಕಾದರೆ ಜನರ ಅರಿವೂ ಒತ್ತಾಯವೂ ಅವಶ್ಯಕ.

ಇರುವ ಸೌಲಭ್ಯಗಳೂ ತಿಳಿವಳಿಕೆಯಿಲ್ಲದೆ ಕೈತಪ್ಪುತ್ತವೆ. ಹಿರಿಯ ನಾಗರಿಕರಿಗೆ ಸಂಬಂಧಿಸಿದ ಸಲಹೆಗಾಗಿ 14567 ಎಂಬ ಸಹಾಯವಾಣಿ ಇದೆ. ಮನಸ್ಸು ದಣಿದವರು ಹಗಲುರಾತ್ರಿ ಯಾವಾಗ ಬೇಕಾದರೂ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. 2022ರಲ್ಲಿ ಆರಂಭವಾದ ಈ ‘ಟೆಲಿ ಮಾನಸ್’ ಸೇವೆಯು ರೋಗಿಗಳಿಗೆ ಮಾತ್ರ ಮೀಸಲಲ್ಲ. ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯನ್ನೂ, ಗ್ರಾಮ ಪಂಚಾಯಿತಿಯಲ್ಲಿರುವ ಪುನರ್ವಸತಿ ಕಾರ್ಯಕರ್ತರನ್ನೂ ವಿಚಾರಿಸಿದರೆ ಪಿಂಚಣಿ, ಗುರುತಿನ ಚೀಟಿ, ಗಾಲಿಕುರ್ಚಿ ಮೊದಲಾದವುಗಳ ದಾರಿ ತಿಳಿಯುತ್ತದೆ.

ಆದರೆ ಸರ್ಕಾರವೂ ಸಂಸ್ಥೆಗಳೂ ಎಷ್ಟೇ ಮಾಡಿದರೂ ನೆರೆಹೊರೆಯವರ ಸ್ಥಾನವನ್ನು ತುಂಬಲಾರವು. ವಾರಕ್ಕೊಂದು ಸಂಜೆ ಎರಡು ಗಂಟೆ ರೋಗಿಯ ಬಳಿ ಕುಳಿತರೆ, ಆ ಮನೆಯ ಗೃಹಿಣಿ ಸಂತೆಗೆ ಹೋಗಿಬಂದಾಳು, ಇಲ್ಲವೆ ನೆಮ್ಮದಿಯಿಂದ ನಿದ್ರಿಸಿಯಾಳು. ಇಷ್ಟಕ್ಕೆ ಹಣವೂ ಬೇಡ, ಪಾಂಡಿತ್ಯವೂ ಬೇಡ. ಮನೆಯೊಳಗೆ ಅಣ್ಣತಮ್ಮಂದಿರು ಅಕ್ಕತಂಗಿಯರಷ್ಟೇ ಪಾಲನ್ನು ವಹಿಸಿಕೊಂಡರೆ ಯಾವ ಹುಡುಗಿಯೂ ಓದನ್ನು ತೊರೆಯಬೇಕಾಗುವುದಿಲ್ಲ. ಒಂದು ವೇಳೆ ಅಂಥ ಸಂದರ್ಭ ಒದಗಿದರೆ ವಿದ್ಯಾರ್ಥಿಯು ಸಂಕೋಚಪಡದೆ ಉಪಾಧ್ಯಾಯರಿಗೆ ತಿಳಿಸಬೇಕು. ರೋಗಿಯನ್ನು ಕಾಣಲು ಹೋದವರೆಲ್ಲ “ಈಗ ಹೇಗಿದ್ದಾರೆ?” ಎಂದು ವಿಚಾರಿಸುತ್ತಾರೆ. ಹಾಸಿಗೆಯ ಪಕ್ಕದಲ್ಲಿ ನಿಂತವರ ಕಡೆಗೂ ತಿರುಗಿ, “ನೀವು ಹೇಗಿದ್ದೀರಿ? ನನ್ನಿಂದ ಏನಾಗಬೇಕು?” ಎಂದು ಕೇಳುವ ಅಭ್ಯಾಸವನ್ನು ಎಳೆಯ ವಯಸ್ಸಿನಲ್ಲಿಯೇ ಬೆಳೆಸಿಕೊಳ್ಳುವುದು ಉತ್ತಮ.