ಇಂಗ್ಲಿಷ್ ಮಾತಿನ ಅಳುಕೇ? ಸೋಮನಾಥಪುರದಿಂದ ಶುರು ಮಾಡಿ

‘ಅರ್ಥ ಆಗುತ್ತೆ ಸಾರ್, ಮಾತಾಡೋಕೆ ಬಾಯೇ ಬರಲ್ಲ.’ ಬನ್ನೂರು, ತಿ. ನರಸೀಪುರ, ನಂಜನಗೂಡು ಕಡೆಯ ಕನ್ನಡ ಮಾಧ್ಯಮದ ಮಕ್ಕಳು ಕಾಲೇಜು ಮೆಟ್ಟಿಲು ಹತ್ತಿದಾಗ ಹೇಳುವ ಮಾತಿದು. ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಗೇ ಇಂಗ್ಲಿಷ್ ಬಂದದ್ದು 2007ರಲ್ಲಿ. ಆದರೂ ಪರೀಕ್ಷೆಗೆ ಬರೆಯುವುದರಲ್ಲೇ ವರ್ಷಗಳು ಕಳೆಯುತ್ತವೆ, ಮಾತಿಗೆ ಪೀರಿಯಡ್ಡೇ ಸಿಗುವುದಿಲ್ಲ.

ಇದು ದಡ್ಡತನವಲ್ಲ. ಅಮೆರಿಕದ ಸಂಶೋಧಕಿ ಎಲೇನ್ ಹಾರ್ವಿಟ್ಸ್ ಮತ್ತು ಸಂಗಡಿಗರು 1986ರಲ್ಲೇ ಈ ಅಂಜಿಕೆಯನ್ನು ಅಳೆಯಲು 33 ಹೇಳಿಕೆಗಳ ಮಾಪಕ ರೂಪಿಸಿದ್ದರು. ಪರೀಕ್ಷೆಯ ಭಯದ ಜೊತೆಗೆ, ಕೇಳಿದವರು ಏನಂದುಕೊಂಡಾರೆಂಬ ಭಯವನ್ನೂ ಅವರು ಗುರುತಿಸಿದರು. ನಮ್ಮ ಕಡೆ ಎರಡನೆಯದೇ ಜಾಸ್ತಿ. ಹಾಗಾಗಿ ವ್ಯಾಕರಣ ಆಮೇಲಿರಲಿ, ಮೊದಲು ಕೇಳುವವರ ಸಂಖ್ಯೆ ಇಳಿಸಿ.

ಮೊದಲ ಹೆಜ್ಜೆ, ಕೇಳುವವರಿಗಿಂತ ನಿಮಗೇ ಚೆನ್ನಾಗಿ ಗೊತ್ತಿರುವ ವಿಷಯ ಹಿಡಿಯುವುದು. ಸೋಮನಾಥಪುರದ ಕೇಶವ ದೇವಾಲಯಕ್ಕಿಂತ ಒಳ್ಳೆಯದು ಯಾವುದಿದೆ? 1258ರಲ್ಲಿ ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ್ದು. ಕೇಶವ, ಜನಾರ್ದನ, ವೇಣುಗೋಪಾಲರಿಗೆ ಮೂರು ಗರ್ಭಗುಡಿ. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಇಷ್ಟರಲ್ಲೇ ಐದಾರು ಚಿಕ್ಕ ವಾಕ್ಯಗಳಿವೆ. ಕಾಗದದಲ್ಲಿ ಬರೆದುಕೊಳ್ಳಿ, ಆದರೆ ಉರು ಹೊಡೆಯಬೇಡಿ. ಉರು ಹೊಡೆದದ್ದು ಒಂದು ಪದ ಮರೆತರೆ ಪೂರಾ ನಿಂತುಬಿಡುತ್ತದೆ.

ಆಮೇಲೆ ಒಬ್ಬ ಗೆಳತಿಯ ಜೊತೆ ಜಗತಿಯ, ಅಂದರೆ ಗುಡಿ ನಿಂತಿರುವ ಕಟ್ಟೆಯ ಮೇಲೆ ಸುತ್ತು ಬನ್ನಿ. ಹದಿನೈದರೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಪಕ್ಕಪಕ್ಕದಲ್ಲಿ ನಡೆಯುವಾಗ ಮುಖ ನೋಡುವ ಮುಜುಗರವಿರುವುದಿಲ್ಲ, ಕಣ್ಣು ಗೋಡೆಯ ಮೇಲಿರುತ್ತದೆ. ಕೆಳಸಾಲಿನ ಆನೆಗಳನ್ನು ತೋರಿಸಿ ‘ದೀಸ್ ಆರ್ ಎಲಿಫೆಂಟ್ಸ್’ ಅನ್ನಿ. ಮೇಲಿನ ಕುದುರೆ ಸವಾರರು ಅವಳ ಪಾಲು. ಶಿಲ್ಪಿ ಮಲ್ಲಿತಮ್ಮನ ಹೆಸರು ಕೊರೆದಿರುವ ವಿಗ್ರಹ ಹುಡುಕಿ, ‘ಹಿ ಸೈನ್ಡ್ ಹಿಸ್ ನೇಮ್’ ಎಂದರೆ ಸಾಕು, ಅದು ಪೂರ್ಣ ವಾಕ್ಯ.

ಇಬ್ಬರೇ ಇದ್ದಾಗ ನಾಲಿಗೆ ಸಡಿಲವಾದರೆ ನಾಲ್ವರ ಗುಂಪು ಮಾಡಿ. ಅದಾದ ಮೇಲೆ, ಶಿಕ್ಷಕರು ಜೊತೆಗಿದ್ದಾಗ, ಒಪ್ಪಿದ ಪ್ರವಾಸಿಗರಿಗೆ ಒಂದು ಗೋಡೆಯ ಕಥೆ ಹೇಳಿ. ಮಾತು ಸಿಕ್ಕಿಕೊಂಡರೆ ‘ಒನ್ ಮಿನಿಟ್, ಲೆಟ್ ಮಿ ಥಿಂಕ್’ ಅನ್ನಿ. ಅವರ ಮಾತು ತಿಳಿಯದಿದ್ದರೆ ‘ಪ್ಲೀಸ್ ಸ್ಪೀಕ್ ಸ್ಲೋಲಿ’. ಇವೆರಡನ್ನು ಮಾತ್ರ ಬಾಯಿಪಾಠ ಮಾಡಿ.

ಶಿಕ್ಷಕರೇ, ನಿಮ್ಮ ಕೈಯಲ್ಲಿ ಹೆಚ್ಚಿದೆ. ಪ್ರಶ್ನೆ ಕೇಳಿ ಕನಿಷ್ಠ ಮೂರು ಸೆಕೆಂಡಾದರೂ ಸುಮ್ಮನಿರಿ. ಮಗು ‘ಸೋಮನಾಥ ಬಿಲ್ಡೆಡ್ ಇಟ್’ ಎಂದರೆ ತಡೆಯಬೇಡಿ. ಮುಗಿದ ಮೇಲೆ ‘ಯೆಸ್, ಸೋಮನಾಥ ಬಿಲ್ಟ್ ಇಟ್’ ಎಂದು ಮುಂದುವರಿಸಿ, ಮಗು ಕೇಳಿಸಿಕೊಳ್ಳುತ್ತದೆ. ತಪ್ಪಿಗೆ ಯಾರೂ ನಗಬಾರದೆಂಬ ನಿಯಮವನ್ನು ಮೊದಲ ದಿನವೇ ಹಾಕಿ, ನಕ್ಕವರನ್ನು ಪ್ರತಿ ಸಲ ತಡೆಯಿರಿ.

ದೇವಾಲಯ ದೂರವಾದರೆ ವಿಷಯ ಬದಲಿಸಿಕೊಳ್ಳಿ. ನಂಜನಗೂಡಿನವರಿಗೆ ರಸಬಾಳೆ ಮತ್ತು ಶ್ರೀಕಂಠೇಶ್ವರನ ರಥವಿದೆ, ತಿ. ನರಸೀಪುರದವರಿಗೆ ಕಾವೇರಿ–ಕಪಿಲಾ ಸಂಗಮ ಮತ್ತು ಅಲ್ಲಿನ ಕುಂಭಮೇಳ.